ಮಲಗಲು ಎತ್ತರ, ಮೊಟ್ಟೆಗೆ ಕತ್ತಲು: ಹತ್ತು ಕೋಳಿಯ ಗೂಡಿಗೆ ಅಡ್ಡಗೋಲು ಮತ್ತು ಮೊಟ್ಟೆ ಪೆಟ್ಟಿಗೆ ಹಾಕುವ ಬಗೆ

ನಾನು ಮೊದಲ ಸಲ ಕೋಳಿ ಗೂಡು ಕಟ್ಟಿಸಿದಾಗ ನೋಡಲು ಬಂದವರೆಲ್ಲ ಹೊಗಳಿದರು. ಕೋಳಿಗಳು ಮಾತ್ರ ಒಪ್ಪಲಿಲ್ಲ. ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಹತ್ತಿರ ನಮ್ಮ ತೋಟದ ಮನೆ. 6 ಅಡಿ ಉದ್ದ, 4 ಅಡಿ ಅಗಲದ ಗೂಡು. ಮೇಲೆ ತಗಡು, ಕೂರಲು ಹೊಳೆಯುವ ಜಿಐ ಪೈಪು, ಅದಕ್ಕಿಂತ ಮೇಲೆ ಗೋಡೆಗೆ ಸಾಲಾಗಿ ಮೂರು ಮೊಟ್ಟೆ ಪೆಟ್ಟಿಗೆ. ಒಂಬತ್ತು ಹ್ಯಾಟೆ, ಒಂದು ಹುಂಜ. ಮೊದಲ ರಾತ್ರಿ ಬ್ಯಾಟರಿ ಹಿಡಿದು ನೋಡಿದರೆ ಪೈಪಿನ ಮೇಲೆ ಒಂದೂ ಇಲ್ಲ. ಹತ್ತೂ ಕೋಳಿ ಮೂರು ಪೆಟ್ಟಿಗೆಯೊಳಗೆ ತುರುಕಿಕೊಂಡು ಮಲಗಿದ್ದವು. ಹುಂಜನಿಗೆ ಜಾಗ ಸಾಲದೆ ಅರ್ಧ ಮೈ ಹೊರಗಿತ್ತು. ಬೆಳಿಗ್ಗೆ ಪೆಟ್ಟಿಗೆ ತುಂಬ ಹಿಕ್ಕೆ. ಮೊಟ್ಟೆ ಸಿಕ್ಕಿದ್ದು ನೀರಿನ ತಟ್ಟೆಯ ಹಿಂದೆ, ನೆಲದ ಮೇಲೆ.

ಪಕ್ಕದ ಮನೆ ಅಜ್ಜಿ ಬಂದು ಬಾಗಿಲಲ್ಲೇ ನಿಂತು ನೋಡಿದರು. "ಕೋಳಿ ಮಲಗಾಕೆ ಎತ್ತರ ಹುಡುಕ್ತೈತೆ, ಮೊಟ್ಟೆ ಇಡಾಕೆ ಕತ್ತಲ ಮೂಲೆ ಹುಡುಕ್ತೈತೆ. ನೀನು ಎರಡನ್ನೂ ಒಂದೇ ಕಡೆ ಇಟ್ಟೀಯಲ್ಲೋ ಮಾರಾಯ" ಎಂದರು. ಗೂಡಿನೊಳಗೆ ನಾನು ಆಮೇಲೆ ಮಾಡಿದ ಬದಲಾವಣೆಗಳೆಲ್ಲ ಈ ಒಂದು ಮಾತಿನಿಂದಲೇ ಬಂದವು. ಅಳತೆ, ಮರ, ಮೊಳೆ ಎಲ್ಲ ಅದರ ಹಿಂದಿನ ಲೆಕ್ಕ.

ಇಲ್ಲಿ ಹೇಳುವುದು ಹತ್ತು ನಾಟಿ ಕೋಳಿಗಳ ಗೂಡಿಗೆ. ಹಗಲು ಹೊರಗೆ ಮೇಯುತ್ತವೆ, ರಾತ್ರಿಗೆ ಮಾತ್ರ ಒಳಗೆ ಬರುತ್ತವೆ ಅಂತ ಇಟ್ಟುಕೊಂಡಿದ್ದೇನೆ. ಹಾಗಿದ್ದರೆ ಒಂದು ಕೋಳಿಗೆ 2 ಚದರಡಿ ಚಿಲ್ಲರೆ ಜಾಗ ಸಾಕು. ಇಡೀ ದಿನ ಕೂಡಿ ಹಾಕುವುದಾದರೆ ಇದೇ ಗೂಡಿಗೆ ಐದು ಕೋಳಿಯೂ ಜಾಸ್ತಿ.

ಮೊದಲು ದಿಕ್ಕು

ಗೂಡು ಆಗಲೇ ಇದ್ದರೆ ದಿಕ್ಕಿನ ಮಾತು ಬಿಟ್ಟು ಕೆಳಗೆ ಜಾಲರಿಯ ಮಾತಿಗೆ ಹೋಗಿ. ಹೊಸದಾಗಿ ಕಟ್ಟುವವರು ಉದ್ದದ ಬದಿಯನ್ನು ಪೂರ್ವ-ಪಶ್ಚಿಮಕ್ಕೆ ಇಡಿ. ಆಗ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಚಿಕ್ಕ ಗೋಡೆಗಳಿಗೆ ಮಾತ್ರ ಬಡಿಯುತ್ತದೆ, ಒಳಗೆ ನುಗ್ಗುವುದಿಲ್ಲ. ಪೂರ್ವದ ಮತ್ತು ಪಶ್ಚಿಮದ ಗೋಡೆ ಪೂರ್ತಿ ಮುಚ್ಚಿರಲಿ. ಉತ್ತರ, ದಕ್ಷಿಣದ ಕಡೆ ಒಂದು ಮೊಳ ಎತ್ತರ ಗೋಡೆ, ಅದರ ಮೇಲೆ ಜಾಲರಿ.

ಪಶ್ಚಿಮದ ಗೋಡೆ ಮುಚ್ಚಿರಬೇಕು ಎನ್ನುವುದಕ್ಕೆ ಬಿಸಿಲೊಂದೇ ಕಾರಣವಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಬೀಸುವ ಗಾಳಿ ಗೊತ್ತೇ ಇದೆಯಲ್ಲ. ದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಅದು. ರಾತ್ರಿಯಿಡೀ ಅದು ಮೈಗೆ ಬಡಿಯುತ್ತಿದ್ದರೆ ಕೋಳಿ ಅಲ್ಲಿ ಕೂರುವುದಿಲ್ಲ, ಕೆಳಗಿಳಿದು ಮೂಲೆ ಸೇರುತ್ತದೆ. ತಗಡಿನ ಇಳಿಜಾರು ಕೂಡ ಪಶ್ಚಿಮಕ್ಕೇ ಇರಲಿ: ಪಶ್ಚಿಮದಲ್ಲಿ 5 ಅಡಿ, ಪೂರ್ವದಲ್ಲಿ 6 ಅಡಿ.

ಜಾಲರಿ ಅರ್ಧ ಇಂಚಿನ ಕಣ್ಣಿನದೇ ಬೇಕು. ಅಗಲ ಕಣ್ಣಿನದು ಅಗ್ಗ, ನಿಜ. ನಾನೂ ಅದನ್ನೇ ತಂದಿದ್ದೆ. ಅದರಲ್ಲಿ ಹೆಗ್ಗಣದ ಮರಿ, ಸಣ್ಣ ಹಾವು ಆರಾಮಾಗಿ ದಾಟುತ್ತವೆ. ಭದ್ರಾ ನಾಲೆಯ ಗದ್ದೆ ಬಯಲಿನಲ್ಲಿ ಇಲಿಗಳು ಜಾಸ್ತಿ, ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಅಲ್ಲಿನವರು ಗೋಡೆಯ ಬುಡಕ್ಕೆ ಒಂದು ಅಡಿ ಆಳ ಕಲ್ಲು ಹೂಳಿ. ದುರ್ಗದ ಕಡೆಯವರಿಗೆ ಚಪ್ಪಡಿ ಕಲ್ಲಿಗೇನು ಬರ ಇಲ್ಲ.

ಇನ್ನು ಒಳಗಿನ ನಕ್ಷೆ. ಪಶ್ಚಿಮದ ಗೋಡೆಯ ಕಡೆ ಅಡ್ಡಗೋಲು, ಅಂದರೆ ಕೋಳಿ ರಾತ್ರಿ ಕೂತು ಮಲಗುವ ಕೋಲು. ಪೂರ್ವದ ಗೋಡೆಯ ಕಡೆ ಮೊಟ್ಟೆ ಪೆಟ್ಟಿಗೆ. ನಡುವೆ ಸುಮಾರು 3 ಅಡಿ ಖಾಲಿ, ಕೋಳಿ ಹಾರಿ ಇಳಿಯಲು. ಬಾಗಿಲು ಉತ್ತರಕ್ಕೆ. ಅಡ್ಡಗೋಲಿನ ಕೆಳಗೆ ಜಾಗ ಖಾಲಿ ಇದೆಯಲ್ಲ ಅಂತ ಪೆಟ್ಟಿಗೆಯನ್ನು ಅಲ್ಲಿ ತಳ್ಳಬೇಡಿ. ರಾತ್ರಿಯ ಹಿಕ್ಕೆಯೆಲ್ಲ ಮೊಟ್ಟೆಯ ಮೇಲೆ ಬೀಳುತ್ತದೆ.

ಅಡ್ಡಗೋಲು

ನಮ್ಮ ಮನೆಯ ಕೋಳಿಯ ಮೂಲ ಕೆಂಪು ಕಾಡುಕೋಳಿ. ಅದು ಕತ್ತಲಾದ ಕೂಡಲೇ ಮರದ ಕೊಂಬೆ ಹತ್ತುತ್ತದೆ. ಸಾವಿರಾರು ವರ್ಷ ಮನುಷ್ಯರ ಜೊತೆ ಇದ್ದರೂ ಸಾಕುಕೋಳಿ ಆ ಬುದ್ಧಿ ಬಿಟ್ಟಿಲ್ಲ. ಗೂಡಿನೊಳಗೆ ಹೊಕ್ಕ ಕೋಳಿ ಕಣ್ಣಿಗೆ ಬಿದ್ದ ಜಾಗಗಳಲ್ಲಿ ಎಲ್ಲಕ್ಕಿಂತ ಎತ್ತರದ್ದನ್ನೇ ಮಲಗಲು ಆರಿಸಿಕೊಳ್ಳುತ್ತದೆ. ಅದು ಪೆಟ್ಟಿಗೆಯೋ, ಕಿಟಕಿಯ ಅಂಚೋ, ನೇತು ಹಾಕಿದ ಮೇವಿನ ಡಬ್ಬವೋ, ಅದಕ್ಕೆ ಲೆಕ್ಕವಿಲ್ಲ. ಹಾಗಾಗಿ ಮೊದಲ ನಿಯಮ: ಗೂಡಿನೊಳಗೆ ಕೋಳಿ ಕಾಲೂರಬಹುದಾದ ಜಾಗಗಳಲ್ಲಿ ಅಡ್ಡಗೋಲೇ ಎಲ್ಲಕ್ಕಿಂತ ಮೇಲಿರಬೇಕು.

ಎಷ್ಟು ಮೇಲೆ? ನಾಟಿ ಕೋಳಿಗೆ ನೆಲದಿಂದ 3 ಅಡಿ. ಪಶ್ಚಿಮದ ಗೋಡೆ 5 ಅಡಿ ಇರುವುದರಿಂದ ಕೋಲಿಗೂ ತಗಡಿಗೂ ನಡುವೆ 2 ಅಡಿ ಉಳಿಯುತ್ತದೆ. ಇದನ್ನು ಕಡಿಮೆ ಮಾಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಚಳ್ಳಕೆರೆ, ಹಿರಿಯೂರು ಕಡೆ ಹಗಲೆಲ್ಲ ಕಾದ ತಗಡು ರಾತ್ರಿ ಎಂಟಕ್ಕೂ ಬಿಸಿ ಉಗುಳುತ್ತಿರುತ್ತದೆ. ಅದರ ಬುಡದಲ್ಲಿ ಕೂತ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದರೆ ಎಷ್ಟೋ ವಾಸಿ.

ಗಿರಿರಾಜ, ವನರಾಜದಂಥ ಭಾರದ ಕೋಳಿ ಸಾಕಿದ್ದರೆ ಲೆಕ್ಕ ಬೇರೆ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾದ ಗಿರಿರಾಜ ಮಾಂಸಕ್ಕೂ ಮೊಟ್ಟೆಗೂ ಆಗುವ ತಳಿ, ಮೈ ದೊಡ್ಡದು, ಹಾರಾಟ ಕಡಿಮೆ. 3 ಅಡಿಯಿಂದ ದಿನಾ ಧೊಪ್ಪನೆ ಇಳಿದರೆ ಪಾದದ ಅಡಿ ಪೆಟ್ಟು ತಿಂದು ಊದುತ್ತದೆ, ಕೀವು ಕಟ್ಟುತ್ತದೆ. ಅಂಥವಕ್ಕೆ ಒಂದರಿಂದ ಒಂದೂವರೆ ಅಡಿ ಎತ್ತರ ಸಾಕು. ಪೆಟ್ಟಿಗೆಯನ್ನೂ ಅದಕ್ಕೆ ತಕ್ಕಂತೆ ನೆಲಮಟ್ಟಕ್ಕೆ ಇಳಿಸಬೇಕು.

ಉದ್ದದ ಲೆಕ್ಕಕ್ಕೆ ಟೇಪು ಬೇಕಿಲ್ಲ. ಒಂದು ನಾಟಿ ಕೋಳಿಗೆ ಒಂದು ಗೇಣು. ಗೇಣು ಅಂದರೆ ಸುಮಾರು 9 ಇಂಚು. ಹತ್ತು ಕೋಳಿಗೆ ಹತ್ತು ಗೇಣು, ಏಳೂವರೆ ಅಡಿ. ಗೂಡಿನ ಅಗಲ 4 ಅಡಿ ಇರುವುದರಿಂದ 4 ಅಡಿಯ ಎರಡು ಕೋಲು ಹಾಕಿದರೆ ಅರ್ಧ ಅಡಿ ಮಿಕ್ಕುತ್ತದೆ. ಗಿರಿರಾಜಕ್ಕೆ ಒಂದೊಂದಕ್ಕೂ ಪೂರ್ತಿ ಒಂದು ಅಡಿ ಕೊಡಿ.

ಎರಡೂ ಕೋಲು ಒಂದೇ ಎತ್ತರದಲ್ಲಿರಲಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾನು ಮೊದಲು ಏಣಿಯ ಹಾಗೆ ಒಂದು ಮೇಲೆ, ಒಂದು ಕೆಳಗೆ ಹಾಕಿದ್ದೆ. ನೋಡಲು ಚೆನ್ನಾಗಿತ್ತು. ಸಂಜೆ ಆರೂವರೆಗೆ ಶುರುವಾಗುತ್ತಿತ್ತು ರಾಮಾಯಣ. ಎಲ್ಲಕ್ಕೂ ಮೇಲಿನ ಕೋಲೇ ಬೇಕು. ನಮ್ಮಲ್ಲಿ ಒಂದು ಕರಿ ಹ್ಯಾಟೆ ಇದೆ, ಗೂಡಿನ ಯಜಮಾನಿ ಅದೇ. ಅದು ಮೊದಲು ಹತ್ತಿ ಗೋಡೆಯ ಪಕ್ಕದ ತುದಿ ಹಿಡಿದು ಕೂರುತ್ತಿತ್ತು. ಹಾರಿ ಬಂದ ಪ್ರತಿಯೊಂದರ ನೆತ್ತಿಗೂ ಒಂದೊಂದು ಕುಟುಕು. ಕುಟುಕಿಸಿಕೊಂಡದ್ದು ಕೆಳಗೆ ಬಿದ್ದು, ಮೈ ಕೊಡವಿ, ಮತ್ತೆ ಹಾರುತ್ತಿತ್ತು. ಕತ್ತಲು ಕವಿಯುವವರೆಗೆ ಇದೇ. ಕೊನೆಗೆ ಕೆಳಗಿನ ಕೋಲಿನಲ್ಲಿ ಕೂತ ಬಡಪಾಯಿಗಳ ಬೆನ್ನ ಮೇಲೆ ರಾತ್ರಿಯಿಡೀ ಮೇಲಿನವರ ಹಿಕ್ಕೆ. ಎರಡನ್ನೂ ಸಮ ಮಾಡಿದ ಮೇಲೆ ಕುಟುಕು ಪೂರ್ತಿ ನಿಲ್ಲಲಿಲ್ಲ, ಆದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಗೋಡೆಯಿಂದ ಮೊದಲ ಕೋಲಿಗೆ 1 ಅಡಿ ಬಿಡಿ. ಇಲ್ಲದಿದ್ದರೆ ಬಾಲ ಗೋಡೆಗೆ ಉಜ್ಜಿ ಗರಿ ಮುರಿಯುತ್ತದೆ, ಗೋಡೆಯೂ ಗಲೀಜು. ಮೊದಲ ಕೋಲಿನಿಂದ ಎರಡನೆಯದಕ್ಕೆ ಒಂದೂಕಾಲು ಅಡಿ.

ಈಗ ಮರದ ಮಾತು. ಜಿಐ ಪೈಪು, ಪಿವಿಸಿ ಪೈಪು ಎರಡೂ ಬೇಡ. ಕೋಳಿ ಮೊಣಕಾಲು ಮಡಚಿ ಕೂತಾಗ ಕಾಲಿನ ಹಿಂದಿನ ಸ್ನಾಯುರಜ್ಜು ಬಿಗಿದು ಬೆರಳುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ನಿದ್ದೆಯಲ್ಲಿ ಅದು ಬೀಳದಿರುವುದು ಅದಕ್ಕೇ. ಆ ಹಿಡಿತಕ್ಕೆ ಸ್ವಲ್ಪ ಒರಟು ಮೈ ಬೇಕು. ನುಣುಪು ಪೈಪಿನ ಮೇಲೆ ಬೆರಳು ಜಾರುತ್ತದೆ. ಕಬ್ಬಿಣವಾದರೆ ಬೇಸಿಗೆಯಲ್ಲಿ ಕಾಯುತ್ತದೆ, ಪುಷ್ಯ ಮಾಸದ ಬೆಳಗಿನ ಜಾವ ಮಂಜುಗಡ್ಡೆಯ ಹಾಗೆ ಕೊರೆಯುತ್ತದೆ.

ನಮ್ಮಲ್ಲಿ ಸುಲಭಕ್ಕೆ ಸಿಗುವುದು ಸರ್ವೆ ಕೋಲು ಮತ್ತು ನೀಲಗಿರಿ. 2 ಇಂಚು ದಪ್ಪ ಇರುವುದನ್ನು ಆರಿಸಿ. ಬಿದಿರು ಗಟ್ಟಿ, ಆದರೆ ನುಣುಪು, ಜೊತೆಗೆ ಟೊಳ್ಳು. ಆ ಟೊಳ್ಳಿನೊಳಗೆ ಹೇನು ಸಂಸಾರ ಹೂಡುತ್ತದೆ. ಚನ್ನಗಿರಿ, ಹೊಳಲ್ಕೆರೆ ಕಡೆಯವರು ಅಡಿಕೆ ದಬ್ಬೆ ಹಾಕುತ್ತಾರೆ. ಹೇರಳವಾಗಿ ಸಿಗುತ್ತದೆ, ಸರಿ. ಆದರೆ ಅದರ ಸಿಬಿರು ಪಾದಕ್ಕೆ ಚುಚ್ಚಿದರೆ ಅಲ್ಲೇ ಊದಿಕೊಳ್ಳುತ್ತದೆ, ಹಾಗಾಗಿ ನಾನು ಹಾಕುವುದಿಲ್ಲ. ಸಾಮಿಲ್‌ನಲ್ಲಿ 2 ಇಂಚಿನ ಚೌಕ ರೀಪು ತಂದರೂ ಆಗುತ್ತದೆ, ಮೇಲಿನ ಎರಡು ಅಂಚನ್ನು ತೋಪಡ ಹೊಡೆದು ಗುಂಡಗೆ ಮಾಡಿಸಿಕೊಳ್ಳಿ.

ಮೊಬೈಲಿನಲ್ಲಿ ನೋಡಿದವರು 4 ಇಂಚಿನ ಅಗಲ ಪಟ್ಟಿ ಹಾಕಬೇಕಂತೆ ಅನ್ನುತ್ತಾರೆ. ಅದು ಹಿಮ ಬೀಳುವ ದೇಶದವರ ಲೆಕ್ಕ. ಅಗಲ ಪಟ್ಟಿಯ ಮೇಲೆ ಕೂತರೆ ಹೊಟ್ಟೆಯ ಗರಿ ಬೆರಳನ್ನು ಪೂರ್ತಿ ಮುಚ್ಚುತ್ತದೆ, ಬೆರಳು ಹೆಪ್ಪುಗಟ್ಟುವುದಿಲ್ಲ. ದಾವಣಗೆರೆಯಲ್ಲಿ ಕೋಳಿಯ ಬೆರಳು ಹೆಪ್ಪುಗಟ್ಟುವ ಚಳಿ ಯಾವಾಗ ಬಂದಿತ್ತು ಹೇಳಿ?

ಕೋಲು ತಯಾರಿ ಹೀಗೆ. 4 ಅಡಿಗೆ ಕತ್ತರಿಸಿ. ತೊಗಟೆ ಪೂರ್ತಿ ಸುಲಿಯಿರಿ, ತೊಗಟೆಯ ಕೆಳಗೇ ಹುಳಗಳ ಮನೆ. ಗಂಟುಗಳನ್ನು ಮಚ್ಚಿನಿಂದ ಸವರಿ, ಉಪ್ಪುಕಾಗದದಿಂದ ಒಮ್ಮೆ ಉಜ್ಜಿ. ಕಣ್ಣು ಮುಚ್ಚಿ ಬರಿಗೈಯಲ್ಲಿ ಕೋಲನ್ನು ಈ ತುದಿಯಿಂದ ಆ ತುದಿಗೆ ಸವರಿ ನೋಡಿ. ನಿಮ್ಮ ಕೈಗೆ ಚುಚ್ಚಿದ್ದು ಕೋಳಿಯ ಪಾದಕ್ಕೂ ಚುಚ್ಚುತ್ತದೆ. ಎರಡು ದಿನ ಬಿಸಿಲಿಗೆ ಇಟ್ಟು, ಬೇವಿನೆಣ್ಣೆ ಸವರಿ, ಒಣಗಿಸಿ.

ಕೋಲಿಗೆ ಮೊಳೆ ಹೊಡೆಯಬೇಡಿ. ಕೋಲಿನ ಎರಡೂ ತುದಿ ಬರುವ ಕಡೆ, ಉತ್ತರ ಮತ್ತು ದಕ್ಷಿಣದ ಬದಿಯಲ್ಲಿ, ಅರ್ಧ ಅಡಿಯ ಮರದ ತುಂಡು ಕೂರಿಸಿ, ಅದರ ಮೇಲ್ಭಾಗದಲ್ಲಿ ಕೋಲು ಕೂರುವಷ್ಟು ಕಚ್ಚು ತೆಗೆಯಿರಿ. ಕೋಲನ್ನು ಅದರಲ್ಲಿ ಸುಮ್ನೆ ಇಳಿಸಿದರೆ ಆಯಿತು, ಬೇಕಾದಾಗ ಎತ್ತಿ ಹೊರಗೆ ತೆಗೆಯಬಹುದು. ಒಂದು ಎಚ್ಚರ: ಗುಂಡು ಕೋಲು ಕಚ್ಚಿನೊಳಗೆ ಉರುಳುತ್ತದೆ. ಉರುಳುವ ಕೋಲಿನ ಮೇಲೆ ಕೋಳಿ ಒಂದು ಸಲ ಕೂತು ಬಿದ್ದರೆ ಮತ್ತೆ ಹತ್ತುವುದಿಲ್ಲ. ಎರಡೂ ತುದಿಯ ಅಡಿಭಾಗವನ್ನು ಚಪ್ಪಟೆ ಮಾಡಿ ಕೂರಿಸಿ. ಕೈಯಿಂದ ಒತ್ತಿ, ಎಳೆದು ನೋಡಿ, ಅಲುಗಬಾರದು.

ಕೋಲಿನ ಕೆಳಗೆ ಒಂದು ಹಳೆಯ ತಗಡೋ ಹಲಗೆಯೋ ಹಾಸಿ, ಮೇಲೆ ಬೂದಿ ಉದುರಿಸಿ. ಕೋಳಿಯ ಹಿಕ್ಕೆಯಲ್ಲಿ ದೊಡ್ಡ ಪಾಲು ರಾತ್ರಿ ಕೂತಲ್ಲೇ ಬೀಳುವುದು. ಬೆಳಿಗ್ಗೆ ಎರಡು ನಿಮಿಷ ಕೆರೆದು ತಿಪ್ಪೆಗೆ ಹಾಕಿದರೆ ಗೂಡಿನ ಅರ್ಧ ವಾಸನೆ ಹೋಯಿತು. ಹಸಿ ಕೋಳಿ ಗೊಬ್ಬರವನ್ನು ನೇರ ಗಿಡದ ಬುಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ. ತಿಪ್ಪೆಯಲ್ಲಿ ಕೊಳೆತ ಮೇಲೆ ಅಡಿಕೆಗೂ ತೆಂಗಿಗೂ ಒಳ್ಳೆಯದು.

ಮೊಟ್ಟೆ ಪೆಟ್ಟಿಗೆ

ನಾಲ್ಕೈದು ಹ್ಯಾಟೆಗೆ ಒಂದು ಪೆಟ್ಟಿಗೆ ಲೆಕ್ಕ. ಒಂಬತ್ತು ಹ್ಯಾಟೆಗೆ ಎರಡು ಸಾಕು, ಒಂದು ಹೆಚ್ಚಿಗೆ ಇರಲಿ ಅಂತ ಮೂರು. ಮೂರಿದ್ದರೂ ನಮ್ಮವು ಮಧ್ಯದ್ದಕ್ಕೇ ಸಾಲು ನಿಲ್ಲುತ್ತವೆ, ಒಳಗೆ ಕೂತದ್ದನ್ನು ಹೊರಗಿನದು ಬೈಯುತ್ತಿರುತ್ತದೆ. ಪಕ್ಕದ ಎರಡು ಖಾಲಿ. ಅದು ಅವುಗಳ ಇಷ್ಟ.

ಒಳ ಅಳತೆ 12 ಇಂಚು ಉದ್ದ, 12 ಅಗಲ, 12 ಎತ್ತರ. ಭಾರದ ತಳಿಗೆ 14. ಇದಕ್ಕಿಂತ ದೊಡ್ಡದು ಮಾಡಿದರೆ ಎರಡು ಮೂರು ಕೋಳಿ ಒಟ್ಟಿಗೆ ನುಗ್ಗಿ ಮೊಟ್ಟೆ ತುಳಿಯುತ್ತವೆ.

ಮುಕ್ಕಾಲು ಇಂಚಿನ ಹಲಗೆಯಲ್ಲಿ ಮಾಡುವುದಾದರೆ ತಳದ ಹಲಗೆ 3 ಅಡಿ 3 ಇಂಚು ಉದ್ದ ಬೇಕು. ಮೂರು ಕೋಣೆಗೆ 36 ಇಂಚು, ನಾಲ್ಕು ಅಡ್ಡಗೋಡೆಯ ದಪ್ಪ 3 ಇಂಚು. ಆಚಾರ್ರಿಗೆ ಹೇಳುವಾಗ ಈ 3 ಇಂಚು ಮರೆಯಬೇಡಿ. ನಾನು ಮರೆತು, ಕೋಣೆಗಳು 11 ಇಂಚಾಗಿ, ದೊಡ್ಡ ಹ್ಯಾಟೆ ಹಿಂದೆ ತಿರುಗಲಾಗದೆ ಹಿಮ್ಮುಖವಾಗಿ ಇಳಿಯುತ್ತಿತ್ತು. ಹಿಂಭಾಗಕ್ಕೆ ಗೋಡೆಯೇ ಸಾಕು. ಮುಂಭಾಗ ತೆರೆದಿರಲಿ, ಕೆಳಗೆ ಮಾತ್ರ 4 ಇಂಚಿನ ಪಟ್ಟಿ ಅಡ್ಡ ಹೊಡೆಯಿರಿ. ಹುಲ್ಲು ಹೊರಗೆ ಚೆಲ್ಲದಂತೆ, ಮೊಟ್ಟೆ ಉರುಳಿ ಬೀಳದಂತೆ ತಡೆಯುವುದು ಆ ಪಟ್ಟಿಯೇ.

ಪೆಟ್ಟಿಗೆಯ ತಳ ನೆಲದಿಂದ 1 ಅಡಿ ಮೇಲಿರಲಿ. ಬಾಯಿಯ ಮುಂದೆ ಅರ್ಧ ಅಡಿ ಬಿಟ್ಟು, ತಳದ ಮಟ್ಟಕ್ಕೆ ಒಂದು ಸಣ್ಣ ಕೋಲು ಕಟ್ಟಿ. ಕೋಳಿ ನೆಲದಿಂದ ಅದಕ್ಕೆ ಹಾರಿ, ಒಳಗೆ ಇಣುಕಿ, ಯಾರಿದ್ದಾರೆ ನೋಡಿ, ಆಮೇಲೆ ಹೆಜ್ಜೆ ಇಡುತ್ತದೆ. ಕೋಲಿಲ್ಲದಿದ್ದರೆ ನೇರ ಮೊಟ್ಟೆಗಳ ಮೇಲೆ ಹಾರುತ್ತದೆ.

ಮೇಲ್ಚಾವಣಿಯ ವಿಷಯಕ್ಕೆ ಬರೋಣ. ಪೆಟ್ಟಿಗೆಯ ಮೇಲೆ ಚಪ್ಪಟೆ ಹಲಗೆ ಹಾಕಿದರೆ ಕೋಳಿಗಳು ಅಲ್ಲಿ ಮಲಗುತ್ತವೆ, ಬೇಡ. ಮುಂದೆ 1 ಅಡಿ, ಹಿಂದೆ ಗೋಡೆಯ ಕಡೆ 2 ಅಡಿ ಎತ್ತರ ಬರುವಂತೆ ಅಡ್ಡಗೋಡೆಗಳನ್ನು ಕತ್ತರಿಸಿ, ಅದರ ಮೇಲೆ ಓರೆಯಾಗಿ ಹಲಗೆ ಹೊಡೆಯಿರಿ. ಓರೆ ಹಲಗೆಗೆ 17 ಇಂಚು ಅಗಲ ಬೇಕಾಗುತ್ತದೆ. ಈ ಇಳಿಜಾರಿನಲ್ಲಿ ಕೋಳಿ ಕಾಲೂರಲಾರದು, ಜಾರುತ್ತದೆ. ನಮ್ಮ ಹುಂಜ ಮೂರು ದಿನ ಪ್ರಯತ್ನ ಮಾಡಿ ಬಿಟ್ಟ. ಹಲಗೆಯ ಮೇಲೆ ಹಳೆಯ ಫ್ಲೆಕ್ಸ್ ಹೊದಿಸಿದರೆ ಇನ್ನೂ ಜಾರುತ್ತದೆ, ತೊಳೆಯಲೂ ಸುಲಭ. ನಮ್ಮದರ ಮೇಲೆ ಯಾರದೋ ಹುಟ್ಟುಹಬ್ಬದ ಶುಭಾಶಯ ಇದೆ, ಮುಖ ಮಾತ್ರ ಒಳಗಡೆ ಮಾಡಿದ್ದೇನೆ.

ಈಗ ಕತ್ತಲು. ಪೆಟ್ಟಿಗೆಯ ಬಾಯಿಗೆ ಹಳೆಯ ಸೀರೆಯ ತುಂಡೋ ಗೋಣಿಚೀಲವೋ ಪರದೆಯ ಹಾಗೆ ಇಳಿಬಿಡಿ. ಮಧ್ಯಕ್ಕೆ ಸೀಳಿ, ಒಂದು ಬದಿಯನ್ನು ಎತ್ತಿ ಕಟ್ಟಿ, ಇಲ್ಲದಿದ್ದರೆ ಹೊಸ ಕೋಳಿಗೆ ಒಳಗೆ ದಾರಿ ಇದೆ ಅಂತ ಗೊತ್ತಾಗುವುದಿಲ್ಲ. ಕತ್ತಲಿಗೆ ಇನ್ನೊಂದು ಲಾಭವಿದೆ. ಬೆಳಕಿನಲ್ಲಿ ಮೊಟ್ಟೆ ಬಿಳುಪಾಗಿ ಕಂಡರೆ ಕುಟುಕುವ ಚಟ ಹತ್ತುತ್ತದೆ. ಒಂದು ಸಲ ಒಡೆದು ರುಚಿ ನೋಡಿದ ಕೋಳಿ ದಿನಾ ಒಡೆಯುತ್ತದೆ, ಉಳಿದವಕ್ಕೂ ಕಲಿಸುತ್ತದೆ. ಚಿಪ್ಪು ತೆಳ್ಳಗೆ ಬರುತ್ತಿದ್ದರೆ ಮೇವಿನಲ್ಲಿ ಸುಣ್ಣದ ಅಂಶ ಸಾಲುತ್ತಿಲ್ಲ ಎಂದರ್ಥ. ಮನೆಯ ಮೊಟ್ಟೆ ಚಿಪ್ಪನ್ನೇ ಹುರಿದು ಪುಡಿ ಮಾಡಿ ಬೇರೆ ಬಟ್ಟಲಲ್ಲಿ ಇಡಿ. ಇಡಿಇಡಿಯಾಗಿ ಹಾಕಬೇಡಿ, ಅದು ಮೊಟ್ಟೆ ಅಂತ ಗುರುತು ಹಿಡಿಯುತ್ತವೆ.

ಮರ ದುಬಾರಿ ಅನ್ನುವವರಿಗೆ ಟೊಮೆಟೊ ಕ್ರೇಟ್ ಇದೆ. ಅಡ್ಡ ಮಲಗಿಸಿ, ಸುತ್ತ ಗೋಣಿಚೀಲ ಸುತ್ತಿ, ಮುಂದೆ ಪಟ್ಟಿ ಕಟ್ಟಿದರೆ ಆಯಿತು. ತೂತುಗಳಿರುವುದರಿಂದ ಗಾಳಿ ಆಡುತ್ತದೆ, ತೊಳೆದು ಬಿಸಿಲಿಗಿಡಬಹುದು. 15 ಕೆಜಿಯ ಎಣ್ಣೆ ಡಬ್ಬದ ಒಂದು ಬದಿ ಕತ್ತರಿಸಿ ಮಲಗಿಸುವವರೂ ಇದ್ದಾರೆ. ಸಣ್ಣ ನಾಟಿ ಹ್ಯಾಟೆಗೆ ಹೇಗೋ ಹಿಡಿಯುತ್ತದೆ. ಕತ್ತರಿಸಿದ ಅಂಚನ್ನು ಸುತ್ತಿಗೆಯಿಂದ ಒಳಗೆ ಮಡಚಿ ಬಡಿಯದಿದ್ದರೆ ಎದೆ ಕೊಯ್ಯುತ್ತದೆ. ಬೇಸಿಗೆಯಲ್ಲಿ ಡಬ್ಬ ಒಲೆಯಾಗುತ್ತದೆ. ನನ್ನನ್ನು ಕೇಳಿದರೆ ಕ್ರೇಟೇ ವಾಸಿ.

ಒಳಗೆ ಹಾಸಲು ಭತ್ತದ ಹುಲ್ಲಿಗಿಂತ ಒಳ್ಳೆಯದು ನಾನು ಕಂಡಿಲ್ಲ. ಗೇಣುದ್ದಕ್ಕೆ ಕತ್ತರಿಸಿ, ಕೈಯಲ್ಲಿ ತಿಕ್ಕಿ ಮೆತ್ತಗೆ ಮಾಡಿ, 3 ಇಂಚು ದಪ್ಪ ಹಾಸಿ. ತಳದಲ್ಲಿ ಒಂದು ಹಿಡಿ ಒಣ ಬೇವಿನ ಸೊಪ್ಪು ಅಥವಾ ಲಕ್ಕಿ ಸೊಪ್ಪು. ದಾವಣಗೆರೆ, ಹರಿಹರದ ಅಕ್ಕಿ ಗಿರಣಿಗಳ ಹತ್ತಿರ ಇರುವವರಿಗೆ ಭತ್ತದ ಹೊಟ್ಟಿನ ಚಿಂತೆಯಿಲ್ಲ, ಆದರೆ ಅದನ್ನು ಗೂಡಿನ ನೆಲಕ್ಕೆ ಹಾಸಿ, ಪೆಟ್ಟಿಗೆಗೆ ಬೇಡ. ಕೋಳಿ ಎರಡು ಸಲ ಕೆರೆದರೆ ಹೊಟ್ಟು ಎಲ್ಲ ಹೊರಗೆ, ಮೊಟ್ಟೆ ಬರಿ ಹಲಗೆಯ ಮೇಲೆ. ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ ಸಿಗುತ್ತದೆ. ಅದೂ ನೆಲಕ್ಕೆ ಸರಿ, ಚೆನ್ನಾಗಿ ಒಣಗಿದ್ದರೆ ಮಾತ್ರ. ಬೂಷ್ಟು ಹಿಡಿದ ಸಿಪ್ಪೆ ಕೋಳಿಗೆ ವಿಷ.

ರೂಢಿ ಮಾಡಿಸುವುದು

ಎಲ್ಲ ಸರಿಯಾಗಿ ಕೂರಿಸಿದರೂ ಕೋಳಿಗಳು ಮೊದಲ ದಿನವೇ ನಿಮ್ಮ ಮಾತು ಕೇಳುವುದಿಲ್ಲ. ಒಂದು ವಾರ ಬೇಕು.

ಸಂಜೆ ನಾಲ್ಕಕ್ಕೆ ಪೆಟ್ಟಿಗೆಗಳ ಬಾಯಿಗೆ ಒಂದು ಹಲಗೆ ಅಡ್ಡ ಇಡಿ. ಒಳಗೆ ಹೋಗಲು ದಾರಿಯೇ ಇಲ್ಲದಿದ್ದರೆ ಅಲ್ಲಿ ಮಲಗುವುದು ಹೇಗೆ? ಕತ್ತಲಾದ ಮೇಲೆ ಹೋಗಿ, ನೆಲದಲ್ಲಿ ಮುದುಡಿ ಕೂತವನ್ನು ಒಂದೊಂದಾಗಿ ಎತ್ತಿ ಕೋಲಿನ ಮೇಲೆ ಕೂರಿಸಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ಕಡಿಮೆ, ಕೂರಿಸಿದಲ್ಲೇ ಇರುತ್ತದೆ. ಎದೆಯ ಕೆಳಗೆ ಅಂಗೈ ಕೊಟ್ಟು, ಕಾಲು ಕೋಲಿಗೆ ತಾಗಿಸಿ, ಬೆರಳು ಹಿಡಿದುಕೊಳ್ಳುವವರೆಗೆ ಕಾಯಿರಿ. ಬೆರಳು ಬಿಗಿಯುವುದು ನಿಮ್ಮ ಕೈಗೆ ಗೊತ್ತಾಗುತ್ತದೆ. ಆಗ ಕೈ ಬಿಡಿ. ನಾಲ್ಕೈದು ರಾತ್ರಿ ಹೀಗೆ ಮಾಡಿದರೆ ಐದನೇ ದಿನ ತಾವೇ ಹತ್ತುತ್ತವೆ. ಬ್ಯಾಟರಿ ಬೆಳಕನ್ನು ಮುಖಕ್ಕೆ ಬಿಡಬೇಡಿ, ಎಲ್ಲ ಎದ್ದು ಗಲಾಟೆ. ಬೆಳಿಗ್ಗೆ ಬೆಳಕು ಹರಿಯುವ ಮೊದಲು ಹಲಗೆ ತೆಗೆಯುವುದನ್ನು ಮರೆಯಬೇಡಿ.

ಮೊಟ್ಟೆ ಇಡುವುದನ್ನು ಕಲಿಸಲು ನಾಟಕ ಬೇಕು. ಪ್ರತಿ ಪೆಟ್ಟಿಗೆಯಲ್ಲೂ ಒಂದು ಟೇಬಲ್ ಟೆನ್ನಿಸ್ ಚೆಂಡೋ ಮೊಟ್ಟೆಯ ಗಾತ್ರದ ನುಣುಪು ಬಿಳಿ ಕಲ್ಲೋ ಇಡಿ. ಇನ್ನೊಂದು ಕೋಳಿ ಇಲ್ಲಿ ಇಟ್ಟಿದೆ ಅಂದರೆ ಜಾಗ ಭದ್ರ ಅಂತ ಅವುಗಳ ನಂಬಿಕೆ. ಮೊಟ್ಟೆ ತೆಗೆಯುವಾಗ "ಒಂದನ್ನ ಬಿಟ್ಟು ತೆಗಿ" ಅಂತ ಅಜ್ಜಿಯರು ಹೇಳುವುದು ಇದೇ ಲೆಕ್ಕದಲ್ಲಿ. ಹೊಸದಾಗಿ ಮೊಟ್ಟೆ ಶುರು ಮಾಡಿದ ಹ್ಯಾಟೆಗಳಿದ್ದರೆ ಒಂದು ವಾರ ಬೆಳಿಗ್ಗೆ ಹತ್ತು, ಹನ್ನೊಂದರವರೆಗೆ ಗೂಡಿನಿಂದ ಬಿಡಬೇಡಿ. ಬಹುಪಾಲು ಮೊಟ್ಟೆ ಮಧ್ಯಾಹ್ನದ ಒಳಗೆ ಬಂದುಬಿಡುತ್ತದೆ. ಒಳಗೆ ಮೇವು, ನೀರು ಇಟ್ಟು ಕೂಡಿ ಹಾಕಿದರೆ ಬೇರೆ ದಾರಿ ಕಾಣದೆ ಪೆಟ್ಟಿಗೆಗೇ ಹೋಗುತ್ತವೆ. ಒಮ್ಮೆ ಹೋದದ್ದು ಮತ್ತೆ ಅಲ್ಲಿಗೇ ಹೋಗುತ್ತದೆ.

ಗೂಡಿನ ಮೂಲೆಯಲ್ಲಿ, ನೆಲದ ಮೇಲೆ ಇಡುವ ಹ್ಯಾಟೆ ಇದ್ದರೆ ಆ ಮೂಲೆಗೆ ಒಂದು ಕಲ್ಲು ಇಟ್ಟುಬಿಡಿ. ಕತ್ತಲ ಮೂಲೆ ಪೆಟ್ಟಿಗೆಯಲ್ಲಿ ಮಾತ್ರ ಇರಬೇಕು.

ಕಾವಿಗೆ ಕೂತ ಹ್ಯಾಟೆಯನ್ನು ಪೆಟ್ಟಿಗೆಯಲ್ಲಿ ಬಿಡಬೇಡಿ. 21 ದಿನ ಅದು ಮೇವು, ನೀರಿಗೆ ಬಿಟ್ಟರೆ ಏಳುವುದಿಲ್ಲ, ಉಳಿದವು ಅದರ ಮೇಲೇ ಹತ್ತಿ ಮೊಟ್ಟೆ ಇಡುತ್ತವೆ, ಕಾವಿನ ಮೊಟ್ಟೆ ಒಡೆಯುತ್ತವೆ. ರಾತ್ರಿ ಹೊತ್ತು ಅದನ್ನೂ ಮೊಟ್ಟೆಗಳನ್ನೂ ಬೇರೆ ಕೋಣೆಯಲ್ಲಿ ಹುಲ್ಲು ಹಾಕಿದ ಪುಟ್ಟಿಗೆ ಸಾಗಿಸಿ, ಮೇಲೆ ಮಂಕರಿ ಕವುಚಿ. ಕಾವಿನ ಮೊಟ್ಟೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರೆ ಹೊಸದು ಸೇರಿದಾಗ ಗೊತ್ತಾಗುತ್ತದೆ.

ಹೇನು, ಉಣ್ಣಿ

ಚೆನ್ನಾಗಿ ಕೋಲು ಹತ್ತುತ್ತಿದ್ದ ಕೋಳಿಗಳು ಇದ್ದಕ್ಕಿದ್ದಂತೆ ಒಳಗೆ ಬರಲು ಹಟ ಮಾಡಿದರೆ, ಬೇಲಿಯ ಮೇಲೋ ಹುಣಸೆ ಮರದಲ್ಲೋ ಮಲಗಿದರೆ, ಕೋಲನ್ನು ಅನುಮಾನಿಸಿ. ಕೆಂಪು ಹೇನು ಹಗಲು ಕೋಲಿನ ಸಂದಿಯಲ್ಲಿ, ಕಚ್ಚಿನೊಳಗೆ ಅಡಗಿರುತ್ತದೆ. ರಾತ್ರಿ ಹೊರಬಂದು ಕಾಲು ಹತ್ತಿ ರಕ್ತ ಕುಡಿದು ಬೆಳಗಾಗುವುದರೊಳಗೆ ಮತ್ತೆ ಸಂದಿಗೆ. ಹಗಲು ಕೋಳಿಯ ಮೈ ಹುಡುಕಿದರೆ ಏನೂ ಸಿಗುವುದಿಲ್ಲ. ನಮ್ಮಂಥ ಒಣ ಸೀಮೆಯಲ್ಲಿ ಕೋಳಿ ಉಣ್ಣಿಯೂ ಹೀಗೇ ರಾತ್ರಿ ಕಚ್ಚುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಉಪವಾಸ ಇರುವ ತಾಕತ್ತಿದೆ, ಗೂಡು ಖಾಲಿ ಬಿಟ್ಟರೆ ಸಾಯುತ್ತದೆ ಅಂದುಕೊಳ್ಳಬೇಡಿ.

ಪರೀಕ್ಷೆ ಸುಲಭ. ರಾತ್ರಿ ಒಂಬತ್ತರ ಮೇಲೆ ಬಿಳಿ ಬಟ್ಟೆಯಿಂದ ಕೋಲಿನ ಅಡಿಭಾಗವನ್ನು ಒತ್ತಿ ಒರೆಸಿ. ಬಟ್ಟೆಯ ಮೇಲೆ ಕೆಂಪು ಗೆರೆ ಮೂಡಿದರೆ ರಕ್ತ ಕುಡಿದ ಹೇನು ಅರೆದುಹೋಗಿದೆ ಎಂದರ್ಥ.

ಎತ್ತಿ ತೆಗೆಯುವ ಕೋಲು ಮಾಡಿ ಅಂದದ್ದು ಈ ದಿನಕ್ಕೇ. ಕೋಲುಗಳನ್ನು ಹೊರಗೆ ತಂದು ಕುದಿಯುವ ನೀರು ಹುಯ್ಯಿರಿ, ಎರಡು ದಿನ ಉರಿಬಿಸಿಲಿಗೆ ಇಡಿ. ಪೆಟ್ಟಿಗೆಯ ಹುಲ್ಲು ಸುಟ್ಟುಬಿಡಿ. ಗೋಡೆಯ ಬಿರುಕುಗಳಿಗೆ ಸಿಮೆಂಟು ಮೆತ್ತಿ, ಒಳಗೆಲ್ಲ ಗಟ್ಟಿ ಸುಣ್ಣ ಹೊಡೆದು, ಪೂರ್ತಿ ಒಣಗಿದ ಮೇಲೆ ಕೋಳಿ ಬಿಡಿ. ಕೋಲಿನ ತುದಿಗೂ ಕಚ್ಚಿಗೂ ಬೇವಿನೆಣ್ಣೆ ಸವರಿ. ಒಂದು ವಾರ ಬಿಟ್ಟು ಇದನ್ನೇ ಮತ್ತೊಮ್ಮೆ ಮಾಡಬೇಕು, ಯಾಕೆಂದರೆ ಮೊದಲ ಸಲ ಉಳಿದ ತತ್ತಿಗಳು ಅಷ್ಟರಲ್ಲಿ ಒಡೆದಿರುತ್ತವೆ. ಅಷ್ಟಕ್ಕೂ ಹೋಗದಿದ್ದರೆ ಪಶು ಆಸ್ಪತ್ರೆಯಲ್ಲಿ ಕೇಳಿ ಔಷಧಿ ತನ್ನಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ನಿಮ್ಮ ಅಂದಾಜಿನಲ್ಲಿ ಗೂಡಿಗೆ ಹೊಡೆಯಬೇಡಿ, ಮೊಟ್ಟೆ ತಿನ್ನುವವರು ನಾವೇ. ಹೇನು ಇಲ್ಲದಿದ್ದರೂ ನಾನು ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಮನೆಯ ಜೊತೆ ಗೂಡಿಗೂ ಸುಣ್ಣ ಹೊಡೆಯುತ್ತೇನೆ. ಹೊರಗೆ ಅಂಗಳದಲ್ಲಿ ಬೂದಿ ಮತ್ತು ಮರಳು ಬೆರೆಸಿದ ಒಂದು ಗುಂಡಿ ಇದ್ದರೆ ಕೋಳಿಗಳು ಅದರಲ್ಲಿ ಹೊರಳಾಡಿ ಮೈ ತಾವೇ ನೋಡಿಕೊಳ್ಳುತ್ತವೆ.

ದಿನಾ ಮಾಡುವ ಕೆಲಸ ಇಷ್ಟೇ: ಬೆಳಿಗ್ಗೆ ಹಿಕ್ಕೆ ಕೆರೆಯುವುದು, ಹನ್ನೊಂದಕ್ಕೊಮ್ಮೆ, ಸಂಜೆಗೊಮ್ಮೆ ಮೊಟ್ಟೆ ತೆಗೆಯುವುದು, ಒದ್ದೆಯಾದ ಹುಲ್ಲು ಬದಲಿಸುವುದು. ನಮ್ಮಲ್ಲಿ ಈಗ ಎಂಟು ಹ್ಯಾಟೆ ಪೆಟ್ಟಿಗೆಯಲ್ಲೇ ಇಡುತ್ತವೆ. ಕರಿ ಹ್ಯಾಟೆ ಮಾತ್ರ ಕೋಲಿನ ತುದಿಯಲ್ಲಿ ಮಲಗಿ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನೆಟ್ಟಗೆ ಹಿತ್ತಲಿನ ಹುಲ್ಲಿನ ಬಣವೆಗೆ ಹೋಗುತ್ತದೆ. ಹನ್ನೊಂದರ ಹೊತ್ತಿಗೆ ನಾನೂ ಒಂದು ಏಣಿ ಹಿಡಿದು ಅಲ್ಲಿಗೆ ಹೋಗುತ್ತೇನೆ.